ನಾವು ಮರದೋರು

ನನಗೆ ಗಂಡು ನೋಡುತ್ತಿದ್ದ ಕಾಲದಲ್ಲಿ ಅಪ್ಪ ಬಂದವರೆಲ್ಲರ ಮುಂದೆಯೂ ಒಂದೇ ಮಾತು ಹೇಳುತ್ತಿದ್ದರು. ಉಪ್ಪಿಟ್ಟು, ಕೇಸರಿಬಾತು ಮುಗಿದು ಕಾಫಿ ಲೋಟ ಕೆಳಗಿಟ್ಟ ಕೂಡಲೇ, ಗಂಡಿನ ತಂದೆ ಜಾತಕದ ಮಾತು ತೆಗೆಯುವ ಮೊದಲೇ, ಗಂಟಲು ಸರಿಮಾಡಿಕೊಂಡು, ನಮ್ಮದು ವೀರರ ಮನೆತನ, ಬೆಟ್ಟದ ಮೇಲೆ ನಮ್ಮ ಹಿರಿಯರದೊಂದು ವೀರಗಲ್ಲು ಇದೆ, ಆ ಕಲ್ಲಿನ ಸುತ್ತ ಒಂದು ಊರೇ ಬೆಳೆದಿದೆ ಎಂದು ಶುರು ಮಾಡುತ್ತಿದ್ದರು. ಗಂಡಿನ ಕಡೆಯವರು ಹೌದಾ ಅನ್ನುತ್ತಿದ್ದರು. ಆಮೇಲೆ ಮನೆಗೆ ಹೋಗಿ ತಿಳಿಸುತ್ತೇವೆ ಅನ್ನುತ್ತಿದ್ದರು. ತಿಳಿಸುತ್ತಿರಲಿಲ್ಲ.

ಅಪ್ಪ ಸರ್ಕಾರಿ ಲೆಕ್ಕಪತ್ರದ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಜಯನಗರದ ಟಿ ಬ್ಲಾಕಿನ ನಮ್ಮ ಮನೆಯಲ್ಲಿ ಜಿರಲೆ ಕಂಡರೆ ಅಮ್ಮನನ್ನು ಕೂಗುತ್ತಿದ್ದರು. ಹಲ್ಲಿಯಾದರೆ ನನ್ನನ್ನು ಕೂಗುತ್ತಿದ್ದರು, ಏಕೆಂದರೆ ಹಲ್ಲಿಗೆ ಅಮ್ಮನೂ ಹೆದರುತ್ತಿದ್ದಳು. ವೀರರ ರಕ್ತ ಅವರಲ್ಲಿ ಎಲ್ಲಿ ಓಡುತ್ತಿತ್ತೋ ನಮಗಂತೂ ಗೊತ್ತಾಗಿರಲಿಲ್ಲ. ಆದರೆ ಅವರ ನಂಬಿಕೆ ಗಟ್ಟಿ. ಅವರು ಸಣ್ಣವರಿದ್ದಾಗ ಅವರ ಅಜ್ಜಿ ಊಟ ಮಾಡಿಸುತ್ತಾ 'ಬೆಟ್ಟದ ವೀರ ನಮ್ಮ ಮನೆದೇವರು, ಅವನ ಕಲ್ಲಿನ ಸುತ್ತ ಊರೇ ಬೆಳೆದಿದೆ' ಎಂದು ಹೇಳುತ್ತಿದ್ದರಂತೆ. ಅಜ್ಜಿ ತೀರಿಕೊಂಡ ಮೇಲೆ ಯಾವ ಬೆಟ್ಟ, ಯಾವ ವೀರ ಎನ್ನುವುದು ಯಾರಿಗೂ ಗೊತ್ತಿರಲಿಲ್ಲ.

ಅದನ್ನು ಪತ್ತೆ ಮಾಡಿದವರು ಅತ್ತೆ. ಅಪ್ಪನ ಅಕ್ಕ. ಚಿಕ್ಕಲಸಂದ್ರದಲ್ಲಿ ಸ್ವಂತ ಮನೆ ಕಟ್ಟಿಸಿಕೊಂಡು ಒಬ್ಬರೇ ಇದ್ದರು. ಯಾವ ಮದುವೆಗೆ ಹೋದರೂ ಊಟದ ಪಂಕ್ತಿಯಲ್ಲಿ ಅಕ್ಕಪಕ್ಕದವರ ಮೂರು ತಲೆಮಾರು ತಿಳಿದುಕೊಂಡೇ ಏಳುತ್ತಿದ್ದರು. ಹಾಗೆ ಒಂದು ಛತ್ರದಲ್ಲಿ ಕನಕಪುರದ ಕಡೆಯ ಮುದುಕರೊಬ್ಬರು ಇವರ ಮನೆತನ ಕೇಳಿ, 'ಓ, ನೀವು ಆ ಬೆಟ್ಟದ ಕಲ್ಲಿನವರಲ್ಲವೇ' ಎಂದರಂತೆ. ಊರಿನ ಹೆಸರು, ದಾರಿ, ಎಲ್ಲಿ ಬಸ್ಸು ನಿಲ್ಲುತ್ತದೆ ಎಲ್ಲ ಹೇಳಿದರಂತೆ. ಮಾರನೆಯ ದಿನ ಬೆಳಿಗ್ಗೆಯೇ ಅತ್ತೆ ನಮ್ಮ ಮನೆಯಲ್ಲಿ ಹಾಜರು.

"ಮನೆದೇವರನ್ನ ಮರೆತು ಕೂತಿದ್ರೆ ಈ ಹುಡುಗಿಗೆ ಎಲ್ಲಿಂದ ಮದುವೆ ಆಗತ್ತೋ?" ಎಂದು ಅಪ್ಪನನ್ನು ಕೇಳಿದರು.

ಅಪ್ಪನಿಗೆ ನನ್ನ ಮದುವೆಗಿಂತ ವೀರಗಲ್ಲು ಸಿಕ್ಕಿದ್ದೇ ದೊಡ್ಡ ಸಂಭ್ರಮ. ಅಂದು ಸಂಜೆ ಪಾರ್ಕಿನಲ್ಲಿ ವಾಕಿಂಗ್ ಬಂದವರಿಗೆಲ್ಲ ಸುದ್ದಿ ಮುಟ್ಟಿತು. ಲೈಬ್ರರಿಯಿಂದ ವೀರಗಲ್ಲುಗಳ ಮೇಲಿನ ಪುಸ್ತಕವೊಂದನ್ನು ತಂದು, ವಾರವಿಡೀ ಊಟದ ಹೊತ್ತಿಗೆ ನಮಗೆ ಪಾಠ ಮಾಡಿದರು. ಕಲ್ಲಿನಲ್ಲಿ ಕೆಳಗಡೆ ಯುದ್ಧ ಇರುತ್ತದೆ, ನಡುವೆ ವೀರನನ್ನು ಅಪ್ಸರೆಯರು ಮೇಲಕ್ಕೆ ಒಯ್ಯುತ್ತಿರುತ್ತಾರೆ, ತುದಿಯಲ್ಲಿ ಆತ ಸ್ವರ್ಗದಲ್ಲಿ ಕೂತಿರುತ್ತಾನೆ ಎಂದು ಸಾರು ಕಲಸಿದ ಕೈಯಲ್ಲೇ ಗಾಳಿಯಲ್ಲಿ ಚಿತ್ರ ಬರೆದು ತೋರಿಸಿದರು.

ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಬಾಡಿಗೆ ಓಮ್ನಿಯಲ್ಲಿ ಹೊರಟೆವು. ಅಪ್ಪ, ಅಮ್ಮ, ಅತ್ತೆ, ನಾನು. ಅಮ್ಮ ದೊಡ್ಡ ಡಬ್ಬಿಯಲ್ಲಿ ಪುಳಿಯೋಗರೆ, ಇನ್ನೊಂದರಲ್ಲಿ ಮೊಸರನ್ನ ಕಟ್ಟಿಕೊಂಡಿದ್ದಳು. ಬನಶಂಕರಿ ದೇವಸ್ಥಾನ ದಾಟುವ ಮೊದಲು ಅಪ್ಪ ಒಂದು ಬೇಕರಿಯ ಮುಂದೆ ಗಾಡಿ ನಿಲ್ಲಿಸಿ ಬ್ರೆಡ್ ತರುತ್ತೇನೆಂದು ಇಳಿದು ಹೋದರು. ಬ್ರೆಡ್ ತಂದರು.

ಕನಕಪುರ ದಾಟಿ ಇನ್ನೂ ಮುಂದೆ ಹೋಗಿ, ಮುದುಕರು ಹೇಳಿದ್ದ ಕಡೆ ಎಡಕ್ಕೆ ತಿರುಗಿದ ಮೇಲೆ ರಸ್ತೆ ಸಣ್ಣದಾಯಿತು, ಆಮೇಲೆ ಕೆಂಪಾಯಿತು, ಆಮೇಲೆ ನಿಂತೇ ಹೋಯಿತು. ಎದುರಿಗೆ ಬೆಟ್ಟ. ಡ್ರೈವರ್ ಸೀಟನ್ನು ಹಿಂದಕ್ಕೆ ಬಾಗಿಸಿ, ನೀವು ಹೋಗಿ ಬನ್ನಿ ಸಾರ್ ಎಂದು ಟವೆಲ್ ಮುಖದ ಮೇಲೆ ಹಾಕಿಕೊಂಡ. ನಾವು ಹತ್ತತೊಡಗಿದೆವು. ಅತ್ತೆ ಬರಿಗಾಲಲ್ಲಿ ಬರುತ್ತೇನೆಂದು ಹರಕೆ ಹೊತ್ತಿದ್ದರು. ಮೊದಲ ತಿರುವಿನಲ್ಲಿ ಒಂದು ಮುಳ್ಳು ಚುಚ್ಚಿದ ಮೇಲೆ, ಹರಕೆ ಊರಿನ ಗಡಿಯಿಂದ ಅಂತ ಲೆಕ್ಕ ಎಂದು ಹೇಳಿ ಚಪ್ಪಲಿ ಹಾಕಿಕೊಂಡರು.

ಮೇಲೆ ಹೋದರೆ ಊರು ನಿಜಕ್ಕೂ ಅಪ್ಪ ಹೇಳುತ್ತಿದ್ದ ಹಾಗೇ ಇತ್ತು. ಬೆಟ್ಟದ ನೆತ್ತಿಯ ಮಟ್ಟಸ ಜಾಗ. ನಡುವೆ ನಾಲ್ಕು ಕಂಬದ ಪುಟ್ಟ ಮಂಟಪ, ಅದರೊಳಗೆ ಕಲ್ಲು, ಪಕ್ಕದಲ್ಲಿ ಒಂದು ಹಳೆಯ ಹೊಂಗೆ ಮರ. ಸುತ್ತಲೂ ಬಳೆಯ ಹಾಗೆ ಹೆಂಚಿನ ಮನೆಗಳು, ಒಂದೊಂದರ ಬಾಗಿಲೂ ಕಲ್ಲಿನ ಕಡೆಗೆ. ಆ ಮನೆಗಳ ಬೆನ್ನಿಗೆ ಇನ್ನೊಂದು ಸುತ್ತು ಮನೆ, ಅದರಾಚೆ ರಾಗಿ ಕೊಯ್ದ ಹೊಲ, ಅದರಾಚೆ ಬರೀ ಗಾಳಿ. ಅಪ್ಪನ ಕಣ್ಣಲ್ಲಿ ನೀರು ಬಂತು. ಚಳಿಗಾಳಿಗೆ ನಮ್ಮೆಲ್ಲರ ಕಣ್ಣಲ್ಲೂ ಬಂದಿತ್ತು.

ಅಮ್ಮ ಮಾತ್ರ ಬೇರೆ ಏನನ್ನೋ ನೋಡುತ್ತಿದ್ದಳು. ಆ ಊರಿನಲ್ಲಿ ಎಲ್ಲಿ ನೋಡಿದರೂ ನಾಯಿ. ಜಗಲಿಯ ಮೇಲೆ ಗೋಣಿಚೀಲ ಹಾಸಿಕೊಂಡು ಮಲಗಿದ ನಾಯಿ, ಓಣಿಯ ನಡುವೆ ಅಡ್ಡಡ್ಡ ಮಲಗಿದ ನಾಯಿ. ಎಲ್ಲವೂ ದುಂಡಗೆ, ಮೈಗೆ ಎಣ್ಣೆ ಹಚ್ಚಿದ ಹಾಗೆ ಮಿನುಗುತ್ತಿದ್ದವು. ನೀರು ಹೊತ್ತು ಬಂದ ಹೆಂಗಸೊಬ್ಬಳು ದಾರಿಯಲ್ಲಿ ಮಲಗಿದ್ದ ನಾಯಿಯನ್ನು ಹಚಾ ಅನ್ನದೆ, ಸೀರೆ ಎತ್ತಿಕೊಂಡು ಸುತ್ತಿ ಹೋದಳು.

ಅಪ್ಪ ನಾಯಿಗಳನ್ನು ಲಕ್ಷಿಸದೆ ನೇರ ಮಂಟಪಕ್ಕೆ ಹೋಗಿ ಕೈಮುಗಿದರು. ಕಲ್ಲು ಎದೆಯೆತ್ತರ ಇತ್ತು. ಎಣ್ಣೆ, ಅರಿಸಿನ, ಕುಂಕುಮದಲ್ಲಿ ಮುಕ್ಕಾಲು ಪಾಲು ಮುಚ್ಚಿಹೋಗಿತ್ತು. ಕೆಳಗೆ ಒಂದು ದೊಡ್ಡ ಹಂದಿ, ಹಂದಿಯ ಮೂತಿಗೆ ಜೋತುಬಿದ್ದ ಒಂದು ನಾಯಿ. ವೀರ ಎಲ್ಲೂ ಕಾಣಲಿಲ್ಲ. ಅಪ್ಪ ಕನ್ನಡಕ ಒರೆಸಿಕೊಂಡು ಹುಡುಕಿದರು. ಕೊನೆಗೆ ಬಲಗಡೆಯ ಮೇಲಿನ ಮೂಲೆಯಲ್ಲಿ, ಮೊಣಕಾಲು ಮಡಚಿ ಕೂತ ಒಬ್ಬ ಪುಟ್ಟ ಮನುಷ್ಯ ಸಿಕ್ಕ.

"ನೋಡಿ, ಅಲ್ಲಿ" ಎಂದರು ಅಪ್ಪ. "ಹೋರಾಡಿ, ಪ್ರಾಣ ಬಿಟ್ಟು, ಸ್ವರ್ಗದಲ್ಲಿ ಕೂತಿದ್ದಾರೆ. ಸುತ್ತ ಇರೋದು ಅಪ್ಸರೆಯರ ಚಾಮರ."

ನಾವು ಕೈಮುಗಿದೆವು. ಅತ್ತೆ ಕೆನ್ನೆ ಬಡಿದುಕೊಂಡರು.

ಅಷ್ಟರಲ್ಲಿ ಎದುರು ಮನೆಯಿಂದ ಒಬ್ಬ ತಾತ, ಒಬ್ಬ ಅಜ್ಜಿ ಬಂದರು. ಕಲ್ಲಿಗೆ ದೀಪ ಹಚ್ಚುವುದು ಅವರ ಮನೆತನದ ಕೆಲಸವಂತೆ. ಯಾವೂರು, ಯಾರ ಪೈಕಿ ಎಂದು ಅಜ್ಜಿ ವಿಚಾರಿಸಿದರು. ಅಪ್ಪ ತಮ್ಮ ತಾತನ ಹೆಸರು, ಮುತ್ತಾತನ ಹೆಸರು ಹೇಳಿದ್ದೇ ತಡ, ಅಜ್ಜಿಯ ಮುಖ ಅರಳಿತು. ಓಣಿಯ ಕಡೆ ತಿರುಗಿ, ಆ ವಯಸ್ಸಿನಲ್ಲಿ ಅಷ್ಟು ದನಿ ಎಲ್ಲಿತ್ತೋ, ಊರೆಲ್ಲ ಕೇಳುವ ಹಾಗೆ ಕೂಗಿದರು.

"ಮರದೋರು ಬಂದವ್ರೆ, ಬರ್ರೋ. ಮರದೋರು ಬಂದವ್ರೆ."

ಮನೆ ಮನೆಯಿಂದ ಜನ ಬಂದರು. ಅಪ್ಪ ಕೈಮುಗಿಯುತ್ತಾ, ನಗುತ್ತಾ, ನಡುವೆ ನನ್ನ ಕಿವಿಯಲ್ಲಿ 'ಮರದೋರು ಅಂದ್ರೆ ಏನು ಪುಟ್ಟಾ' ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಕೊನೆಗೆ ಅಜ್ಜಿಯನ್ನೇ ಕೇಳಿದೆ. ಅಜ್ಜಿ ಕಲ್ಲಿನ ಮೂಲೆಯಲ್ಲಿ ಕೂತ ಪುಟ್ಟ ಮನುಷ್ಯನ ಮೇಲೆ ಬೆರಳಿಟ್ಟರು.

"ಇಗಾ, ಇವರೇ ನಿಮ್ಮೋರು. ಮರದ ಮ್ಯಾಗೆ ಕುಂತವ್ರಲ್ಲ."

ಅದು ಸ್ವರ್ಗ ಅಲ್ಲವೇ ಎಂದು ಅಪ್ಪ ಮೆಲ್ಲಗೆ ಕೇಳಿದರು.

"ಸ್ವರ್ಗ ಅಲ್ಲ ಕಣಪ್ಪ, ಹೊಂಗೆ ಮರ."

ಆಮೇಲೆ ಅಜ್ಜಿ ಕಥೆ ಹೇಳಿದರು. ಬೆಟ್ಟ ಬರೀ ಕಾಡಾಗಿದ್ದ ಕಾಲದಲ್ಲಿ ಪಾಳೇಗಾರನೊಬ್ಬ ಬೇಟೆಗೆಂದು ಬಂದು ಇಲ್ಲಿ ಬಿಡಾರ ಹೂಡಿದ್ದನಂತೆ. ಒಂದು ಬೆಳಿಗ್ಗೆ ಕಾಡುಹಂದಿ ನುಗ್ಗಿತು. ಜನವೆಲ್ಲ ಚೆಲ್ಲಾಪಿಲ್ಲಿ. ಪಾಳೇಗಾರ ಕಾಲು ಜಾರಿ ಬಿದ್ದ. ಆಗ ಒಂದು ನಾಯಿ ಹಾರಿ ಹಂದಿಯ ಮೂತಿ ಹಿಡಿದು, ತಾನು ಸಾಯುವವರೆಗೂ ಬಿಡಲಿಲ್ಲ. ಪಾಳೇಗಾರ ಉಳಿದ. ಅತ್ತೂ ಅತ್ತೂ ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ದೀಪಕ್ಕೆಂದು ಹೊಲ ಬಿಟ್ಟ. ದೀಪ ಹಚ್ಚುವವನು ಗುಡಿಸಲು ಹಾಕಿಕೊಂಡ. ದೀಪಕ್ಕೆ ಎಣ್ಣೆ ಬೇಕು, ಗಾಣದವನು ಬಂದ. ಹಣತೆ ಬೇಕು, ಕುಂಬಾರ ಬಂದ. ಹರಕೆ ಹೊತ್ತವರು ಬರತೊಡಗಿದರು, ಬಳೆಗಾರ ಬಂದ. ಹೀಗೆ ಒಂದು ನಾಯಿಯ ಸುತ್ತ ಊರಾಯಿತು. ನಮ್ಮ ಹಿರಿಯರು ಆ ನಾಯಿಯನ್ನು ಸಾಕಿದವರು. ಹಂದಿ ಬಂದಾಗ ಅವರು ಮರದ ಮೇಲಿದ್ದರು.

"ಗುರಿ ಇಡಕ್ಕೆ ಹತ್ತಿದ್ರು" ಎಂದರು ತಾತ, ಅಪ್ಪನ ಮುಖ ನೋಡಿ.

"ಕೈಯಾಗೆ ಬಿಲ್ಲಿಲ್ಲ, ಬಾಣ ಇಲ್ಲ, ಏನ ಗುರಿ ಇಟ್ಟಾರು" ಎಂದರು ಅಜ್ಜಿ. "ಹೆದರ್ಕಂಡು ಹತ್ತವ್ರೆ. ಅದ್ರಾಗೇನು ತಪ್ಪು? ಹಂದಿ ಅಂದ್ರೆ ಯಾರಾದ್ರೂ ಹತ್ತಬೇಕಾದ್ದೇಯ."

ಬಿಲ್ಲು ಕೆಳಗೆ ಬಿದ್ದಿರಬಹುದು ಎಂದರು ತಾತ. ಹಾಗಾದರೆ ಕೆತ್ತಿದವನು ಅದನ್ನೂ ಕೆತ್ತುತ್ತಿದ್ದ ಎಂದರು ಅಜ್ಜಿ. ಇದು ಅವರ ಮನೆಯಲ್ಲಿ ಮದುವೆಯಾದಂದಿನಿಂದ ನಡೆಯುತ್ತಿದ್ದ ಜಗಳ ಎಂದು ಜನ ನಗುತ್ತಾ ಹೇಳಿದರು. ಅಪ್ಪ ಒಂದು ಹೆಜ್ಜೆ ಸರಿದು ತಾತನ ಪಕ್ಕ ನಿಂತುಕೊಂಡರು. ಅಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ಮಂಟಪದ ಹಿಂದೆ ಹೋದಳು. ಅವಳ ಬೆನ್ನು ಅಲುಗುತ್ತಿದ್ದುದು ನನಗೆ ಕಾಣುತ್ತಿತ್ತು.

ಊರವರಿಗೆ ನಮ್ಮ ಮೇಲೆ ಬೇಸರವೇನೂ ಇರಲಿಲ್ಲ, ಬದಲಿಗೆ ಬಹಳ ಅಕ್ಕರೆ. ಮರದೋರ ಮನೆಯ ಹಿರಿಯನು ವರ್ಷಕ್ಕೊಮ್ಮೆ ಬಂದು ಈ ಮರ ಹತ್ತಿ ಕೂರಬೇಕು, ಕೆಳಗೆ ಎಲೆಯ ಮೇಲೆ ಎಡೆ ಇಡಬೇಕು, ಊರಿನ ಯಾವುದಾದರೂ ನಾಯಿ ಬಂದು ಅದನ್ನು ತಿನ್ನಬೇಕು, ತಿಂದ ಮೇಲೆ ಹಿರಿಯನು ಇಳಿಯಬೇಕು. ಆಗ ಬೇಡಿಕೊಂಡದ್ದು ನೆರವೇರುತ್ತದೆ. ನಮ್ಮ ಮುತ್ತಾತ ಬೆಂಗಳೂರು ಸೇರಿದ ಮೇಲೆ ಯಾರೂ ಬರಲಿಲ್ಲ. ಅದಕ್ಕೇ ಇಷ್ಟು ವರ್ಷವೂ ನಮ್ಮ ಬದಲಿಗೆ ಆ ಕೊಂಬೆಗೆ ಒಂದು ಕುಂಬಳಕಾಯಿ ಕಟ್ಟುತ್ತಿದ್ದರಂತೆ. ಹೋದ ಸಲ ಕಟ್ಟಿದ್ದ ಕಾಯಿಯ ಹಗ್ಗ ಇನ್ನೂ ನೇತಾಡುತ್ತಿತ್ತು. ತಲೆಮಾರುಗಟ್ಟಲೆ ನಮ್ಮ ಮನೆತನದ ಪ್ರತಿನಿಧಿಯಾಗಿ ನೇತಾಡಿದ ಕುಂಬಳಕಾಯಿಗಳನ್ನು ನೆನೆದು ಅತ್ತೆ ಕಣ್ಣೊರೆಸಿಕೊಂಡರು.

"ಹತ್ತೋ" ಎಂದರು ಅಪ್ಪನಿಗೆ.

ಅಪ್ಪ ಪ್ಯಾಂಟು ಹೊಸದು ಎಂದರು, ಮಂಡಿ ಎಂದರು, ಡಾಕ್ಟರು ಬೇಡ ಅಂದಿದ್ದಾರೆ ಎಂದರು. ಅತ್ತೆ ನನ್ನ ಕಡೆ ಕೈ ತೋರಿಸಿ, ಈ ಹುಡುಗಿ ಮುಖ ನೋಡು ಎಂದರು. ನಾನು ಆದಷ್ಟು ಮದುವೆಯಾಗದ ಮುಖ ಮಾಡಿದೆ. ಊರವರು ಒಂದು ಒರಳುಕಲ್ಲನ್ನು ಉರುಳಿಸಿ ತಂದರು. ಅದರ ಮೇಲೆ ಅಪ್ಪ ನಿಂತರು. ಒಬ್ಬ ಗಟ್ಟಿಮುಟ್ಟಾದ ರೈತ ಅವರ ಪಾದಕ್ಕೆ ಅಂಗೈ ಕೊಟ್ಟ, ಇನ್ನೊಬ್ಬ ಗೌರವದಿಂದಲೇ ಹಿಂದಿನಿಂದ ತಳ್ಳಿದ. ಸಾಕಷ್ಟು ಏದುಸಿರು ಬಿಟ್ಟ ಮೇಲೆ ನಮ್ಮ ಅಪ್ಪ ಹೊಂಗೆಯ ಕೊಂಬೆಯ ಮೇಲೆ ಮೊಣಕಾಲು ಮಡಚಿ ಕೂತಿದ್ದರು. ಕಲ್ಲಿನ ಮೂಲೆಯವನಿಗೂ ಇವರಿಗೂ ಹೋಲಿಕೆ ಎದ್ದು ಕಾಣುತ್ತಿತ್ತು. ಜನ ಸಂತೋಷದಿಂದ ಕೈಮುಗಿದರು.

ಅಜ್ಜಿ ಮುತ್ತುಗದ ಎಲೆಯ ಮೇಲೆ ರಾಗಿಮುದ್ದೆ, ಬೆಲ್ಲ, ತುಪ್ಪ ಇಟ್ಟರು. ಒಂದು ಕಂದು ನಾಯಿ ಬಂದು ಮೂಸಿತು. ಎಲ್ಲರೂ ಉಸಿರು ಹಿಡಿದೆವು. ಅದು ತಿರುಗಿ ಹೋಗಿ ಬಿಸಿಲಲ್ಲಿ ಬಿದ್ದುಕೊಂಡಿತು. ಇನ್ನೊಂದು ಬಂದಿತು, ಅದು ಮೂಸಲೂ ಇಲ್ಲ. ಆಗ ಅಜ್ಜಿಗೆ ನೆನಪಾಯಿತು. ಅಂದು ಬೆಳಿಗ್ಗೆ ರಾಮನಗರದ ಕಡೆಯಿಂದ ಯಾರೋ ಮಗುವಿಗೆ ಹೆಸರಿಟ್ಟು ಹೋಗಿದ್ದರು. ಊರಿನ ನಾಯಿಗಳಿಗೆಲ್ಲ ಹೋಳಿಗೆ ಊಟ ಆಗಿತ್ತು.

ಕಾಯುವುದಲ್ಲದೆ ಬೇರೆ ದಾರಿ ಇರಲಿಲ್ಲ. ನಾಯಿ ತಿನ್ನದೆ ಹಿರಿಯರು ಇಳಿದರೆ ಅಪಚಾರ. ಅಮ್ಮ ಪುಳಿಯೋಗರೆ ಡಬ್ಬಿ ಬಿಚ್ಚಿ ಎಲೆಯ ಮೇಲೆ ಒಂದಿಷ್ಟು ಹಾಕಿದಳು. ಕಂದು ನಾಯಿ ಬಂದು ಮೂಸಿ, ಸೀನಿ, ಹೋಯಿತು. ಅಮ್ಮನಿಗೆ ಅವಮಾನವಾಯಿತು. ಇದಕ್ಕೆ ಒಳ್ಳೇದು ಕೆಟ್ಟದ್ದು ಏನು ಗೊತ್ತಾಗಬೇಕು ಎಂದಳು. ಅತ್ತೆ ಮೊಸರನ್ನ ಹಾಕಿದರು. ಅದನ್ನು ಒಂದು ಕಾಗೆ ತಿಂದಿತು. ಕಾಗೆ ಲೆಕ್ಕಕ್ಕಿಲ್ಲ ಎಂದು ತಾತ ತೀರ್ಪು ಕೊಟ್ಟರು. ಬ್ರೆಡ್ಡಿನ ಚೂರು ಹಾಕಿದೆವು. ನಾಯಿಗಳು ಅದನ್ನು ಕಂಡು ಮುಖ ತಿರುಗಿಸಿದವು.

ಅಪ್ಪ ಮೊದಮೊದಲು ಮರದ ಮೇಲಿಂದಲೇ ಊರವರಿಗೆ ವೀರಗಲ್ಲುಗಳ ಇತಿಹಾಸ ಹೇಳಿದರು. ಜನ ಮರ್ಯಾದೆಗೆ ಸ್ವಲ್ಪ ಹೊತ್ತು ಕೇಳಿ ಒಬ್ಬೊಬ್ಬರೇ ಕೆಲಸಕ್ಕೆ ಹೋದರು. ಆಮೇಲೆ ಅಪ್ಪನ ಒಂದು ಚಪ್ಪಲಿ ಕೆಳಗೆ ಬಿತ್ತು. ಮಂಟಪದ ಹಿಂದಿನಿಂದ ಬಂದ ಒಂದು ಮರಿನಾಯಿ ಅದನ್ನು ಕಚ್ಚಿಕೊಂಡು ಓಡಿತು. ಚಪ್ಪಲಿಯೂ ಲೆಕ್ಕಕ್ಕಿಲ್ಲ ಎಂದರು ತಾತ. ಆಮೇಲೆ ಕೊಂಬೆಯಲ್ಲಿ ಕೆಂಪಿರುವೆ ಇದೆ ಎಂದು ಅಪ್ಪ ಶುರು ಮಾಡಿದರು. ಒಂದು ಕೈಯಲ್ಲಿ ಕೊಂಬೆ ಹಿಡಿದು ಇನ್ನೊಂದು ಕೈಯಲ್ಲಿ ತೊಡೆ, ಬೆನ್ನು, ಕುತ್ತಿಗೆ ತಟ್ಟಿಕೊಳ್ಳುತ್ತಿದ್ದರು. ಅತ್ತೆ ಕೆಳಗಿನಿಂದ ಸಹಸ್ರನಾಮ ಹೇಳುತ್ತಿದ್ದರು. ನಮಗೆಲ್ಲ ಹಸಿವು. ನಾಯಿ ತಿನ್ನುವ ಮೊದಲು ಮನುಷ್ಯರು ತಿನ್ನುವ ಹಾಗಿರಲಿಲ್ಲ.

ಕೊನೆಗೆ ಅಪ್ಪ ಅಮ್ಮನ ಕಡೆ ನೋಡಿದರು, ದೂರದ ಬೆಟ್ಟ ನೋಡಿದರು, ಮತ್ತೆ ಅಮ್ಮನ ಕಡೆ ನೋಡಿದರು. ನಂತರ ನಿಧಾನವಾಗಿ ಸ್ವೆಟರಿನ ಒಳಗೆ ಕೈ ಹಾಕಿ, ಷರ್ಟಿನ ಜೇಬಿನಿಂದ ಎಣ್ಣೆ ಹತ್ತಿದ ಒಂದು ಕಾಗದದ ಪೊಟ್ಟಣ ತೆಗೆದರು. ಅದರಲ್ಲಿ ದಿಲ್‌ಪಸಂದ್ ಇತ್ತು. ಕೊಬ್ಬರಿ, ಸಕ್ಕರೆ, ಟೂಟಿಫ್ರೂಟಿ ತುಂಬಿದ ದೊಡ್ಡ ತುಂಡು. ಆ ವರ್ಷ ಅಪ್ಪನಿಗೆ ಶುಗರ್ ಇದೆ ಎಂದು ಗೊತ್ತಾಗಿ, ಅಮ್ಮ ಮನೆಯಲ್ಲಿ ಸಕ್ಕರೆ ಡಬ್ಬವನ್ನೇ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಳು.

"ಏನ್ರೀ ಅದು?" ಎಂದಳು ಅಮ್ಮ.

ಅಪ್ಪ ಒಂದು ಚೂರು ಮುರಿದು ಎಲೆಯ ಮೇಲೆ ಬೀಳುವಂತೆ ಹಾಕಿದರು. ಬಿಸಿಲಲ್ಲಿ ಮಲಗಿದ್ದ ಕಂದು ನಾಯಿ ಕಿವಿ ನಿಮಿರಿಸಿತು. ಎದ್ದಿತು. ಬಂದು ಒಂದೇ ಬಾಯಿಗೆ ನುಂಗಿ, ತಲೆಯೆತ್ತಿ ಅಪ್ಪನನ್ನು ನೋಡುತ್ತಾ ಬಾಲ ಆಡಿಸಿತು. ತಾತ ಎರಡೂ ಕೈ ಎತ್ತಿ ಆಯ್ತು ಎಂದರು. ಅಜ್ಜಿ ಜಾಗಟೆ ಬಡಿದರು. ಉಳಿದ ನಾಯಿಗಳೂ ಓಡಿ ಬಂದವು. ಅಪ್ಪ ಪಾಪ ಒಂದು ಚೂರಾದರೂ ಉಳಿಸಿಕೊಳ್ಳೋಣ ಎಂದು ನೋಡಿದರು, ಆದರೆ ಊರೆಲ್ಲ ನೋಡುತ್ತಿತ್ತು. ಪೊಟ್ಟಣ ಖಾಲಿಯಾಯಿತು.

ಅವರನ್ನು ಇಳಿಸುವುದು ಹತ್ತಿಸುವುದಕ್ಕಿಂತ ಕಷ್ಟವಾಯಿತು. ಇಳಿದ ಮೇಲೆ ಊರವರ ಮನೆಯಲ್ಲಿ ಮುದ್ದೆ, ಅವರೆಕಾಳಿನ ಸಾರು ಹೊಟ್ಟೆ ತುಂಬ ಉಂಡೆವು. ಅಮ್ಮನ ಪುಳಿಯೋಗರೆಯನ್ನು ಅಜ್ಜಿ ಎರಡು ಸಲ ಹಾಕಿಸಿಕೊಂಡು, ನಾಯಿಗೆ ಏನು ಗೊತ್ತು ಎಂದರು. ಅಮ್ಮನ ಮನಸ್ಸು ಸ್ವಲ್ಪ ತಿಳಿಯಾಯಿತು.

ವಾಪಸು ಬರುವಾಗ ಅಪ್ಪ ಒಂದು ಕಾಲಿಗೆ ಚಪ್ಪಲಿ, ಇನ್ನೊಂದಕ್ಕೆ ಅತ್ತೆಯ ಟವೆಲ್ ಸುತ್ತಿಕೊಂಡು ಬೆಟ್ಟ ಇಳಿದರು. ಕನಕಪುರದಲ್ಲಿ ಕಾಫಿಗೆ ನಿಲ್ಲಿಸಿದಾಗ, "ಗುರಿ ಇಡೋಕೆ ಹತ್ತಿದ್ದು ಅಂತ ತಾತ ಹೇಳಿದ್ರಲ್ಲ" ಎಂದು ಯಾರನ್ನೂ ನೋಡದೆ ಹೇಳಿದರು. ಅಮ್ಮ, ವಾರಕ್ಕೆ ಎಷ್ಟು ಸಲ ತಿನ್ತಾ ಇದ್ರಿ ಎಂದು ಕೇಳಿದಳು. ಆ ವಿಚಾರಣೆ ಜಯನಗರ ಸೇರಿದ ಮೇಲೂ ಮುಗಿಯಲಿಲ್ಲ.

ಮುಂದೆ ಬಂದ ಗಂಡಿನ ಕಡೆಯವರ ಮುಂದೆ ಅಪ್ಪ ವೀರರ ಸುದ್ದಿ ಎತ್ತಲಿಲ್ಲ. ಆದರೆ ಅತ್ತೆ ಬಿಡಬೇಕಲ್ಲ. ನಾಯಿ, ಹಂದಿ, ಕುಂಬಳಕಾಯಿ ಎಲ್ಲವನ್ನೂ ಹೇಳಿದರು. ಹುಡುಗ ನಗು ತಡೆಯಲಾಗದೆ ಕಾಫಿಯನ್ನು ಮೂಗಿಗೆ ಏರಿಸಿಕೊಂಡು ಕೆಮ್ಮಿದ. ಮಾರನೆಯ ದಿನವೇ ಅವರ ಮನೆಯಿಂದ ಒಪ್ಪಿಗೆಯ ಫೋನ್ ಬಂತು. ಎಲ್ಲ ಬೆಟ್ಟದ ನಾಯಿಯ ದಯೆ ಎಂದರು ಅತ್ತೆ. ಅಪ್ಪ ಬಾಯಿ ಮುಚ್ಚಿಕೊಂಡಿದ್ದರ ದಯೆ ಎಂದಳು ಅಮ್ಮ.

ಮದುವೆಯಾಗಿ ಬಿಟಿಎಂ ಲೇಔಟಿಗೆ ಬಂದ ಮೇಲೂ ವರ್ಷಕ್ಕೊಮ್ಮೆ ಎಲ್ಲರೂ ಬೆಟ್ಟಕ್ಕೆ ಹೋಗುವುದು ರೂಢಿಯಾಯಿತು. ಅಪ್ಪ ಹೊಂಗೆ ಹತ್ತುವುದರಲ್ಲಿ ಪಳಗಿದರು. ಅಮ್ಮ ಬೇಕರಿಯ ಪೊಟ್ಟಣವನ್ನು ತಾನೇ ಕೊಂಡು, ತನ್ನ ಬ್ಯಾಗಿನಲ್ಲೇ ಇಟ್ಟುಕೊಂಡು ಬಂದು, ತಾನೇ ಎಲೆಯ ಮೇಲೆ ಇಡುತ್ತಿದ್ದಳು. ಎರಡು ಸಾವಿರದ ಇಸವಿಯ ಆಚೆಗೆ ಊರಿನ ತನಕ ಡಾಂಬರು ಬಂತು. ಆ ವೇಳೆಗೆ ಅಪ್ಪನ ಮಂಡಿ ಪೂರ್ತಿ ಕೈಕೊಟ್ಟಿತ್ತು. ಒಂದು ವರ್ಷ ಮರದ ಕೆಳಗೆ ನಿಂತು ಇನ್ನು ನನ್ನಿಂದಾಗದು ಎಂದುಬಿಟ್ಟರು. ಅಳಿಯ ಹತ್ತಬಹುದೇ ಎಂದು ಅತ್ತೆ ಕೇಳಿದರು. ಅವರು ಮರದೋರಲ್ಲವಲ್ಲ ಎಂದರು ಅಜ್ಜಿ. ತಾತ ಹಾಗಾದರೆ ಕುಂಬಳಕಾಯಿ ತರಿಸಲೇ ಎಂದರು. ನನಗೆ ಅದೇಕೋ ರೋಷ ಬಂತು. ಚೂಡಿದಾರದ ದುಪಟ್ಟಾ ಸೊಂಟಕ್ಕೆ ಬಿಗಿದು ನಾನೇ ಹತ್ತಿದೆ.

ಯಾರ ಕೈಯನ್ನೂ ಹಿಡಿಯಲಿಲ್ಲ. ಮೇಲಿನಿಂದ ಆ ಊರು ಬೇರೆಯೇ ಕಾಣುತ್ತದೆ. ಹೆಂಚಿನ ಸುತ್ತುಗಳು, ಒಣಹಾಕಿದ ಹುರುಳಿ, ಅಜ್ಜಿಯ ನೆತ್ತಿಯ ಬಿಳಿ ಬೈತಲೆ, ಅಪ್ಪನ ಬೋಳುತಲೆ. ಅಮ್ಮ ಎಲೆಯ ಮೇಲೆ ದಿಲ್‌ಪಸಂದ್ ಇಟ್ಟಳು. ಕರಿಯ ಬಣ್ಣದ, ಕರುವಿನಷ್ಟು ದೊಡ್ಡ ನಾಯಿಯೊಂದು ಬಂದು ತಕ್ಷಣ ತಿಂದಿತು. ಜಾಗಟೆ ಬಾರಿಸಿದರು, ಎಲ್ಲರೂ ಕೈಮುಗಿದರು. ನಾಯಿ ನಾಲಿಗೆ ಸವರಿಕೊಂಡು, ಎರಡು ಸುತ್ತು ಹಾಕಿ, ಒರಳುಕಲ್ಲಿನ ಪಕ್ಕದಲ್ಲೇ, ನಾನು ಕಾಲಿಡಬೇಕಾದ ಜಾಗದಲ್ಲಿ ಸುರುಳಿ ಸುತ್ತಿ ಮಲಗಿತು.

"ಆಯ್ತಲ್ಲ, ಇಳಿಯೇ" ಎಂದಳು ಅಮ್ಮ.

"ಅದು ಹೋಗ್ಲಿ" ಎಂದೆ.

ಅದು ಏನೂ ಮಾಡಲ್ಲ ಎಂದು ಎಲ್ಲರೂ ಹೇಳಿದರು. ನನಗೆ ಚಿಕ್ಕಂದಿನಿಂದಲೂ ದೊಡ್ಡ ನಾಯಿ ಕಂಡರೆ ಕೈಕಾಲು ತಣ್ಣಗಾಗುತ್ತದೆ. ಓಡಿಸೋಣವೆಂದರೆ ಆ ಊರಿನಲ್ಲಿ ನಾಯಿಯನ್ನು ಎಬ್ಬಿಸುವ ಪದ್ಧತಿಯಿಲ್ಲ. ಸ್ವಲ್ಪ ಹೊತ್ತಿಗೆ ಅದು ಗೊರಕೆ ಹೊಡೆಯತೊಡಗಿತು. ಇವರೆಲ್ಲ ಕಾದು ಕಾದು ಊಟಕ್ಕೆ ಹೋದರು. ನನ್ನ ಗಂಡ ಒಂದು ತಟ್ಟೆಯಲ್ಲಿ ಮುದ್ದೆ, ಸಾರು ಹಾಕಿಸಿಕೊಂಡು ಬಂದು, ಮಂಟಪದ ಕಟ್ಟೆಯ ಮೇಲೆ ನಿಂತು ನನಗೆ ಎಟುಕಿಸಿದ. ಅಪ್ಪ ಮಾತ್ರ ಊಟಕ್ಕೆ ಹೋಗದೆ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಮೇಲೆ ಇರುವೆ ಇದೆಯಾ ಪುಟ್ಟಾ, ಎಡಗಡೆ ಕೊಂಬೆಗೆ ಒರಗಿಕೋ, ಅಲ್ಲಿ ಕಡಿಮೆ ಎಂದು ಹೇಳಿಕೊಡುತ್ತಿದ್ದರು.